ಸೀಮೆಸುಣ್ಣದ ಕೈ

ನಮ್ಮ ಮೇಷ್ಟ್ರ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ಹುಟ್ಟಿನಿಂದ ಬಂದ ಬಿಳುಪಲ್ಲ, ಸೀಮೆಸುಣ್ಣದ್ದು. ಹೆಬ್ಬೆಟ್ಟು, ತೋರುಬೆರಳುಗಳ ಗೆರೆಗೆರೆಯಲ್ಲೂ ಅದು ಕೂತುಬಿಟ್ಟಿತ್ತು. ಬಾವಿಕಟ್ಟೆಯಲ್ಲಿ ಉಜ್ಜಿ ಉಜ್ಜಿ ತೊಳೆದರೂ, ಕೈ ಒಣಗಿದ ಮೇಲೆ ಉಗುರಿನ ಬುಡದಲ್ಲಿ ಮತ್ತೆ ಬೆಳ್ಳಗೆ ಕಾಣಿಸಿಕೊಳ್ಳುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಕೋಟಿಗೆ ಕೈ ಒರೆಸಿಕೊಳ್ಳುವ ಅಭ್ಯಾಸ. ಹಾಗಾಗಿ ಆ ಹಳೇ ಕರೀ ಕೋಟಿನ ಬಲಜೇಬಿನ ಮೇಲೆ ಯಾವಾಗಲೂ ಒಂದು ಅಂಗೈ ಗುರುತು, ಯಾರೋ ಅವರನ್ನು ಹಿಡಿದು ಎಳೆದು ಬಿಟ್ಟ ಹಾಗೆ.

ಆ ಕೈಯನ್ನು ನಮ್ಮೂರು ಏನು ಮಾಡಿತು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ವರ್ಷದಿಂದ ಇತ್ತು. ನಾನು ಏಳನೇ ಕ್ಲಾಸು ಮುಗಿಸಿದವನಲ್ಲ. ಆಮೇಲೆ ಕಲಿತದ್ದೆಲ್ಲ ಬಿಸಿನೀರಿನ ಬಾಣಲೆಯ ಮುಂದೆ, ರೇಷ್ಮೆ ನೂಲು ತೆಗೆಯುತ್ತಾ. ಆದರೆ ಇಷ್ಟು ಬರೆಯೋಕೆ ನನಗೆ ಯಾರ ಸಹಾಯವೂ ಬೇಕಾಗಿಲ್ಲ. ಅಷ್ಟನ್ನು ನಮ್ಮ ಮೇಷ್ಟ್ರು ಕಲಿಸಿಯೇ ಹೋದರು.

ನಮ್ಮದು ಶಿಡ್ಲಘಟ್ಟದ ಕಡೆಯ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೊಲದ ತುಂಬ ಹಿಪ್ಪುನೇರಳೆ, ಮನೆಮನೆಯಲ್ಲೂ ರೇಷ್ಮೆ ಹುಳ. ಅರಳಿಕಟ್ಟೆ ಪಕ್ಕದಲ್ಲಿ ಹೆಂಚಿನ ಒಂದು ಕೋಣೆ, ಅದೇ ಸರ್ಕಾರಿ ಶಾಲೆ. ಇವರಿಗಿಂತ ಮುಂಚೆ ಇದ್ದ ಮೇಷ್ಟ್ರು ಚಿಕ್ಕಬಳ್ಳಾಪುರದಿಂದ ಬಸ್ಸು ಬಂದ ದಿನ ಬರುತ್ತಿದ್ದರು. ಬಂದು ಟವೆಲ್ ಹಾಸಿಕೊಂಡು ಮಲಗುತ್ತಿದ್ದರು. ನಾವು ಕಾಲು ಒತ್ತುತ್ತಿದ್ದೆವು. ವಾಪಸು ಬಸ್ಸಿನ ಹಾರನ್ನು ಕೇಳಿದರೆ ಶಾಲೆ ಬಿಟ್ಟ ಹಾಗೆ. ಅವರ ಮೇಲೆ ಊರಿನ ಒಬ್ಬನೇ ಒಬ್ಬ ದೂರು ಹೇಳಿದ್ದನ್ನು ನಾನು ಕೇಳಲಿಲ್ಲ. ಒಳ್ಳೇ ಮನುಷ್ಯ, ಯಾರ ತಂಟೆಗೂ ಬರೋದಿಲ್ಲ ಅನ್ನುತ್ತಿದ್ದರು. ಅವರು ಹೋಗುವಾಗ ಶಾಲು ಹೊದೆಸಿ ಕಳಿಸಿದರು.

ನಮ್ಮ ಮೇಷ್ಟ್ರು ಗೌರಿಬಿದನೂರಿನ ಆಚೆ ತೊಂಡೇಬಾವಿಯವರು. ಹೆಂಡತಿಯನ್ನು ಅಲ್ಲೇ ತಾಯಿಯ ಜೊತೆ ಬಿಟ್ಟು, ಒಂದು ಟ್ರಂಕು, ಒಂದು ಸೈಕಲ್ಲು ತಂದುಕೊಂಡು ನಮ್ಮೂರಲ್ಲೇ ಬಾಡಿಗೆಗೆ ಇದ್ದರು. ಟ್ರಂಕಿನ ಜೊತೆ ರೈಲು ಕಂಬಿಯ ಒಂದು ತುಂಡು ಬಂದಿತ್ತು. ಅದನ್ನು ಶಾಲೆ ಮುಂದಿನ ಬೇವಿನ ಮರಕ್ಕೆ ಗಂಟೆ ಅಂತ ಕಟ್ಟಿದರು.

ಮೊದಲನೇ ದಿನ ಬಾಗಿಲಿಗೆ ಅಡ್ಡ ನಿಂತುಕೊಂಡು ಒಬ್ಬೊಬ್ಬರನ್ನೇ ಕೇಳಿದರು. ನನ್ನ ಸರದಿ ಬಂತು.

"ಪ್ರಶ್ನೆ ತಂದ್ಯೇನಪ್ಪ?"

ಸ್ಲೇಟು ತಂದಿದ್ದೆ, ಬಳಪ ತಂದಿದ್ದೆ. ಪ್ರಶ್ನೆ ತರಬೇಕು ಅಂತ ಯಾರೂ ಹೇಳಿರಲಿಲ್ಲ. ಇಲ್ಲ ಸಾರ್ ಅಂದೆ.

"ಇಷ್ಟು ದೊಡ್ಡ ಊರಿದೆ. ಹೋಗಿ ಒಂದು ಹುಡುಕ್ಕೊಂಡು ಬಾ."

ಅಳುಮುಖ ಮಾಡಿಕೊಂಡು ಹೊರಗೆ ಬಂದೆ. ಕಟ್ಟೆ ಹತ್ತಿರ ನಾಯಿಯೊಂದು ಮಲಗೋಕೆ ಮುಂಚೆ ಗಿರ್ರನೆ ಸುತ್ತುತ್ತಿತ್ತು. ಓಡಿಹೋಗಿ, ನಾಯಿ ಮಲಗೋ ಮುಂಚೆ ಯಾಕೆ ಸುತ್ತುತ್ತೆ ಸಾರ್ ಅಂತ ಕೇಳಿದೆ. ಕುಚೋದ್ಯಕ್ಕೆ ಒಂದು ಏಟು ಬೀಳುತ್ತೆ ಅಂದುಕೊಂಡಿದ್ದೆ. ಅವರು ತಲೆ ಕೆರೆದುಕೊಂಡರು.

"ನಂಗೂ ಗೊತ್ತಿಲ್ಲ ಕಣಪ್ಪ. ಬಾ ಒಳಗೆ."

ಗೊತ್ತಿಲ್ಲ ಅಂದ ಮೇಷ್ಟ್ರನ್ನು ನಾವು ಅದೇ ಮೊದಲು ನೋಡಿದ್ದು. ಬೋರ್ಡಿನ ಮೇಲ್ಮೂಲೆಯಲ್ಲಿ ಒಂದು ಚೌಕ ಎಳೆದು ನನ್ನ ನಾಯಿಯನ್ನು ಅದರೊಳಗೆ ಬರೆದರು. ಉತ್ತರ ಸಿಗದ ಪ್ರಶ್ನೆಗಳಿಗೆ ಆ ಮೂಲೆ. ಉತ್ತರ ಸಿಗುವವರೆಗೂ ಅದನ್ನು ಯಾರೂ ಅಳಿಸುವ ಹಾಗಿಲ್ಲ, ಅವರೂ ಸೇರಿ. ಊರಿಗೆ ಹೋಗಿ ಬಂದಾಗಲೆಲ್ಲ ವರದಿ ಒಪ್ಪಿಸುತ್ತಿದ್ದರು. "ನಾಯಿ ವಿಚಾರ ರೈಲ್ವೆ ಗಾರ್ಡಿಗೂ ಗೊತ್ತಿಲ್ಲವಂತೆ. ದನದ ಡಾಕ್ಟರನ್ನು ಹಿಡೀತೀನಿ." ಯಾರ ಪ್ರಶ್ನೆಗೆ ಉತ್ತರ ಸಿಕ್ಕಿತೋ ಅವತ್ತು ಸಂಜೆ ಗಂಟೆ ಹೊಡೆಯುವ ಹಕ್ಕು ಅವರದು. ಆ ಕಂಬಿ ತುಂಡಿಗೆ ಒಂದು ಏಟು ಹಾಕುವುದಕ್ಕೋಸ್ಕರ ನಾವು ಊರನ್ನೆಲ್ಲ ಕಣ್ಣು ಬಿಟ್ಟುಕೊಂಡು ನೋಡೋಕೆ ಶುರುಮಾಡಿದೆವು. ಏತ ಯಾಕೆ ಏರುತ್ತೆ, ಹಾಲು ಯಾಕೆ ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ. ಮನೆಯಲ್ಲಿ ನಮ್ಮಮ್ಮನಿಗೆ ತಲೆ ಚಿಟ್ಟುಹಿಡಿದುಹೋಯಿತು.

ಪಾಠವನ್ನು ಅವರು ಮೊದಲು ತೆಲುಗಿನಲ್ಲಿ ಹೇಳುತ್ತಿದ್ದರು. ನಾವು ತಲೆ ಆಡಿಸಿದ ಮೇಲೆ, "ಸರಿ, ಈಗ ಇದನ್ನ ಕನ್ನಡಕ್ಕೆ ಕರ್ಕೊಂಡು ಹೋಗಣ" ಅನ್ನುತ್ತಿದ್ದರು, ದನವನ್ನು ಕೆರೆಗೆ ಹೊಡೆದುಕೊಂಡು ಹೋಗುವವರ ಹಾಗೆ. ನಮ್ಮ ಶಾಲೆಗೆ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಅದಾದ ಮೇಲೆ ಹುಡುಗರು ಹುಳಕ್ಕೋ ಹೊಲಕ್ಕೋ ಸೇರಿಹೋಗುತ್ತಿದ್ದರು. ಇವರು ಹಾಗೆ ಬಿಟ್ಟುಹೋದವರನ್ನು ಹಿಡಿದು ತಂದು ಹಿಂದಿನ ಸಾಲಿನಲ್ಲಿ ಕೂರಿಸಿ, ಏಳನೇ ಕ್ಲಾಸಿನ ಪರೀಕ್ಷೆಗೆ ಪ್ರೈವೇಟಾಗಿ ಕಟ್ಟಿಸುತ್ತೀನಿ ಅಂತ ಹಠ ಹಿಡಿದರು. ಹಾಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಆ ಸಾಲಿನಲ್ಲಿದ್ದೆ. ಪಟೇಲರ ಮಗನೂ ಇದ್ದ.

ಆದರೆ ಹುಳದ ಮುಂದೆ ಯಾವ ಹಠವೂ ನಡೆಯುವುದಿಲ್ಲ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಊಟ ಬಿಟ್ಟು ತಲೆ ಎತ್ತಿಕೊಂಡು ಕೂರುತ್ತೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರದು ಹೊಟ್ಟೆಯಲ್ಲ, ಗುಡಾಣ. ಮನೆಮಂದಿಯೆಲ್ಲ ಸೊಪ್ಪು ತಂದು ಸುರಿಯುತ್ತಲೇ ಇರಬೇಕು. ಆ ದಿನಗಳಲ್ಲಿ ಶಾಲೆ ಖಾಲಿ. ಹಳೇ ಮೇಷ್ಟ್ರಿಗೆ ಅದೇ ಹಬ್ಬ. ಇವರು ಮಾತ್ರ ನಮ್ಮ ಮನೆಗೆ ಬಂದರು. ಹುಳ ಬಿಟ್ಟು ಹುಡುಗನ್ನ ಕಳಿಸು ಅಂತೀರಾ ಮೇಷ್ಟ್ರೇ ಅಂತ ನಮ್ಮಪ್ಪ ದನಿ ಎತ್ತಿದ. ಬೇಡ, ಅವನು ಬರೋದು ಬೇಡ, ನಾನೇ ಬರ್ತೀನಿ ಅಂದರು.

ಹುಳದ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ, ನೆಂಟರಾದರೂ ಸರಿಯೆ. ಅವರು ಆ ಕಟ್ಟಳೆಯನ್ನು ಮುರಿಯಲಿಲ್ಲ. ಸಂಜೆ ಸಂಜೆ ಬಂದು ಜಗಲಿ ಮೇಲೆ ಕೂರುತ್ತಿದ್ದರು. ಬಾಗಿಲಿಗೆ ಗೋಣಿತಾಟಿನ ಪರದೆ. ಪರದೆಯ ಒಳಗೆ ನಾವು ಸೊಪ್ಪು ಕತ್ತರಿಸುತ್ತಾ, ಹುಳ ಸಾಕುವ ಬಿದಿರಿನ ತಟ್ಟೆಗಳ ಮೇಲೆ ಹರಡುತ್ತಾ ಇರಬೇಕು, ಹೊರಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು. ಮಗ್ಗಿ, ಲೆಕ್ಕ, ಗಂಗಾ ನದಿ, ಅಶೋಕ ಚಕ್ರವರ್ತಿ ಎಲ್ಲ ಗೋಣಿತಾಟು ದಾಟಿ ಬಂದದ್ದು. ಒಂದು ಸಂಜೆ ನಮ್ಮ ಮನೆ, ಮಾರನೇ ಸಂಜೆ ಇನ್ನೊಂದು ಮನೆ. ಮುಖ ಕಾಣದಿದ್ದರೂ ಯಾರ ಬಾಯಿಂದ ತಪ್ಪು ಬಂತು ಅಂತ ಗಂಟಲಿನಲ್ಲೇ ಹಿಡಿಯುತ್ತಿದ್ದರು. ಇಷ್ಟರಲ್ಲಿ ನಮ್ಮಪ್ಪನೂ ಸೊಪ್ಪಿನ ಮೂಟೆ ಇಳಿಸಿ ಜಗಲಿಯಲ್ಲಿ ಅವರ ಪಕ್ಕ ಕೂತು, ಇದ್ದಿಲ ಚೂರಿನಲ್ಲಿ ನೆಲದ ಮೇಲೆ ಹೆಸರು ತಿದ್ದೋಕೆ ಶುರುಮಾಡಿದ. ಅವನು ಅಲ್ಲಿಯವರೆಗೂ ಹೆಬ್ಬೆಟ್ಟು. ಸಹಿ ಕಲಿತ ದಿನ ಊರೆಲ್ಲ ಹೇಳಿಕೊಂಡು ಬಂದ.

ಒಂದು ಸಂಜೆ ಭಿನ್ನರಾಶಿಯ ಲೆಕ್ಕ ಕೇಳಿದರು. ನಾನು ಗುಣುಗುಣು ಅನ್ನುತ್ತಿರುವಾಗಲೇ ಉತ್ತರ ಬೇರೆ ಕಡೆಯಿಂದ ಬಂತು.

"ಇದ್ಯಾರ ಗಂಟಲು? ನನ್ನ ಹಾಜರಿಯಲ್ಲಿ ಇಲ್ಲವಲ್ಲ."

ನಮ್ಮಕ್ಕ. ನನಗಿಂತ ಎರಡು ವರ್ಷ ದೊಡ್ಡವಳು. ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರು. ತಟ್ಟೆ ಬದಲಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಮ್ಮಮ್ಮ ನಾಚಿಕೊಂಡು, ಹೆಣ್ಮಗಳು ಅಯ್ಯೋರೇ, ಸುಮ್ನೆ ಬಾಯಿ ಹಾಕ್ತಾಳೆ ಅಂದಳು.

"ಸುಮ್ನೆ ಹಾಕ್ಲಿಲ್ಲ ಕಣಮ್ಮ. ಸರಿಯಾಗಿ ಹಾಕಿದ್ಲು."

ಅವತ್ತಿನಿಂದ ಪಾಠ ನಮ್ಮಿಬ್ಬರಿಗೂ. ನಿಜ ಹೇಳಬೇಕೆಂದರೆ ಅವಳಿಗೇ ಹೆಚ್ಚು. ಹೆಣ್ಣುಮಗಳು ಶಿಡ್ಲಘಟ್ಟಕ್ಕೆ ಹೋಗಿ ಪರೀಕ್ಷೆ ಬರೆಯುವುದು ಅಂದರೆ ಆ ಕಾಲಕ್ಕೆ ನಮ್ಮಂಥ ಮನೆಯಲ್ಲಿ ಕೇಳರಿಯದ ಮಾತು. ಮೇಷ್ಟ್ರು ಬಿಡಲಿಲ್ಲ. ನಾನೇ ಎತ್ತಿನಗಾಡಿಯಲ್ಲಿ ಜೊತೆಗೆ ಹೋಗಿ ಬರುತ್ತೀನಿ ಅಂದರು. ಕಡೆಗೆ ನಮ್ಮಪ್ಪ, ಈ ಬೆಳೆ ಕೈಗೆ ಹತ್ತಲಿ ಮೇಷ್ಟ್ರೇ, ಇಬ್ಬರನ್ನೂ ಕಟ್ಟಿಸ್ತೀನಿ ಅಂತ ಮಾತು ಕೊಟ್ಟ. ನಮ್ಮಕ್ಕ ಅವತ್ತು ಪರದೆಯ ಹಿಂದೆ ಸೊಪ್ಪನ್ನು ಎದೆಗೆ ಅವಚಿಕೊಂಡು ನಿಂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಬೆಳೆ ಕೈಗೆ ಹತ್ತಲಿಲ್ಲ.

ಕಾರ್ತೀಕದ ಜಡಿ ಹಿಡಿದಿತ್ತು. ಥಂಡಿ, ಸೊಪ್ಪೆಲ್ಲ ಒದ್ದೆ. ಒಂದು ಸಂಜೆ ಹನಿ ಜೋರಾಗಿ, ಜಗಲಿಯಲ್ಲಿ ಮೇಷ್ಟ್ರು ನೆನೆಯುವುದನ್ನು ನೋಡಲಾರದೆ ನಮ್ಮಮ್ಮ, "ಅಯ್ಯೋರೇ, ಲೋಪಲಿಕಿ ರಂಡಿ" ಅಂತ ತೆಲುಗಿನಲ್ಲಿ ಒಳಗೆ ಕರೆದುಬಿಟ್ಟಳು. ಅವರು ಬೇಡ ಬೇಡ ಅನ್ನುತ್ತಲೇ ಕಾಲು ತೊಳೆದುಕೊಂಡು ಹೊಸಿಲಿನ ಈಚೆಗೆ ಬಂದು ನಿಂತರು. ಒಂದು ಹುಳವನ್ನು ಆ ಬಿಳೀ ಅಂಗೈ ಮೇಲೆ ಬಿಟ್ಟುಕೊಂಡು, ಅದರ ಪಕ್ಕೆಯ ಚುಕ್ಕಿಗಳನ್ನು ನಮಗಿಬ್ಬರಿಗೂ ತೋರಿಸಿದರು. ಅದು ಮೂಗಿನಲ್ಲಿ ಉಸಿರಾಡುವುದಿಲ್ಲ, ಆ ಚುಕ್ಕಿಗಳಲ್ಲಿ ಆಡುತ್ತೆ ಅಂದರು. ಪಕ್ಕದ ಮನೆಯವರು ಪರದೆ ಸಂದಿಯಿಂದ ನೋಡಿದರು.

ಅದೇ ವಾರ ಸುಣ್ಣಕಟ್ಟು ರೋಗ ಬಿತ್ತು. ಹುಳ ಮೇವು ಬಿಟ್ಟು, ಸತ್ತು, ಸೆಟೆದು, ಬೆಳ್ಳಗೆ ಗಟ್ಟಿಯಾಗಿಬಿಡುತ್ತೆ. ಬೆರಳಲ್ಲಿ ಒತ್ತಿದರೆ ಪಟಕ್ಕನೆ ಮುರಿಯುತ್ತೆ. ನಮ್ಮ ಮನೆ, ಪಕ್ಕದ ಮನೆ, ಅದರಾಚೆಯ ಮನೆ, ನಮ್ಮ ಬೀದಿಯ ಬೆಳೆಯೆಲ್ಲ ತಿಪ್ಪೆ ಪಾಲು. ಕೆಳಗಿನ ಬೀದಿಯಲ್ಲಿ ಮಾತ್ರ ಕೆಲವು ಮನೆ ಉಳಿದವು.

ಪಟೇಲರು ಕಟ್ಟೆ ಮೇಲೆ ಊರು ಸೇರಿಸಿದರು. ಮೇಷ್ಟ್ರನ್ನೂ ಕರೆಸಿದರು. ಸತ್ತ ಹುಳ ಒಂದನ್ನು ಕಲ್ಲಿನ ಮೇಲಿಟ್ಟು, ಅದರ ಪಕ್ಕ ಶಾಲೆಯಿಂದ ತರಿಸಿದ್ದ ಸೀಮೆಸುಣ್ಣದ ತುಂಡನ್ನು ಇಟ್ಟರು.

"ನೋಡ್ಕೊಳ್ರಯ್ಯ. ಯಾವುದು ಹುಳ, ಯಾವುದು ಮೇಷ್ಟ್ರದು, ಹೇಳಿ ನೋಡಣ."

ನಿಜವಾಗಿಯೂ ಹೇಳೋಕಾಗುತ್ತಿರಲಿಲ್ಲ. ಒಂದೇ ಬಣ್ಣ, ಒಂದೇ ಗಾತ್ರ. ಜನ ಬಗ್ಗಿ ನೋಡಿದರು, ಆಮೇಲೆ ಮೇಷ್ಟ್ರ ಕೈ ನೋಡಿದರು. ಮನೆಮನೆ ಜಗಲಿ ಹತ್ತಿದ ಕೈ ಅಲ್ಲವೇ ಅಂತ ಯಾರೋ ಅಂದರು. ಒಳಗೇ ಹೋಗಿ ಹುಳ ಮುಟ್ಟಿದರು, ನಾನೇ ನೋಡಿದೆ ಅಂತ ಪಕ್ಕದ ಮನೆಯವನು ಅಂದ. ನಮ್ಮಪ್ಪ ತಲೆ ತಗ್ಗಿಸಿದ್ದ.

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು, ಇಲ್ಲವೇ ರಾತ್ರೋರಾತ್ರಿ ಟ್ರಂಕು ಕಟ್ಟುತ್ತಿದ್ದರು. ಇವರ ಮುಖ ನೋಡಿದರೆ, ದೇವರೇ, ಅರಳಿತ್ತು.

"ಒಳ್ಳೇ ಪ್ರಶ್ನೆ ಪಟೇಲರೇ. ನನ್ನ ಕೈಯೋ ಅಲ್ಲವೋ ನೋಡೇಬಿಡೋಣ."

ಎರಡನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಶಾಲೆಗೆ ತಂದರು. ಪಟೇಲರ ಮಾತನ್ನು ಬೋರ್ಡಿನ ಮೂಲೆಯಲ್ಲಿ, ನನ್ನ ನಾಯಿಯ ಕೆಳಗೆ ಬರೆದರು. ಹೇಗೆ ಪತ್ತೆ ಮಾಡಣ ಅಂತ ನಮ್ಮನ್ನೇ ಕೇಳಿದರು. ಯಾರು ಹೇಳಿದ್ದೋ ನೆನಪಿಲ್ಲ, ನಾವೇ ಇಲ್ಲಿ ಹುಳ ಸಾಕಿ ನೋಡಣ ಸಾರ್ ಅಂದರು. ಮೇದರವರ ಹತ್ತಿರ ಹೊಸ ತಟ್ಟೆ ಹೆಣೆಸಿದರು. ಕೆಳಗಿನ ಬೀದಿಯಲ್ಲಿ ತಡವಾಗಿ ಬೆಳೆ ಇಟ್ಟಿದ್ದ ಒಂದು ಮನೆಯಿಂದ ಜ್ವರ ಎದ್ದ ಹುಳ ಕೇಳಿ ತಂದೆವು. ಒಂದು ತಟ್ಟೆಯನ್ನು ಮೇಷ್ಟ್ರು ಮುಟ್ಟಲೇ ಇಲ್ಲ. ಇನ್ನೊಂದಕ್ಕೆ ದಿನಾ ಬೋರ್ಡು ಒರೆಸಿದ ಕೈಯನ್ನೇ ಕೊಡವಿದರು. ನಾವು ಪಾಳಿಯ ಮೇಲೆ ಸೊಪ್ಪು ಹಾಕಿದೆವು. ಆ ದಿನಗಳಲ್ಲಿ ಒಬ್ಬನೂ ಶಾಲೆ ತಪ್ಪಿಸಲಿಲ್ಲ. ಎರಡು ತಟ್ಟೆಯ ಹುಳವೂ ಹಣ್ಣಾಗಿ ಗೂಡು ಕಟ್ಟಿತು.

ಹಳದಿ ಗೂಡುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮೆರವಣಿಗೆಯಲ್ಲಿ ಕಟ್ಟೆಗೆ ಹೋದೆವು. ಜನ ಮುಟ್ಟಿ ಮುಟ್ಟಿ ನೋಡಿದರು. ಮೇಷ್ಟ್ರ ಕೈ ಅಲ್ಲ ಬಿಡಪ್ಪ ಅಂದರು. ಪಟೇಲರೂ ಮೀಸೆಯಲ್ಲೇ ನಕ್ಕು, ಆಯ್ತು ಹೋಗಿ ಅಂದರು. ಅಲ್ಲಿಗೆ ನಿಂತಿದ್ದರೆ ಅವರು ನಮ್ಮೂರಲ್ಲೇ ಇರುತ್ತಿದ್ದರು.

ಅವತ್ತು ಸಂಜೆ ನಮ್ಮ ಜಗಲಿಗೆ ಬಂದರು. ಸತ್ತ ಬೆಳೆಯ ಮನೆ ಖಾಲಿ ಇತ್ತು. ಆದರೂ ಅಭ್ಯಾಸಬಲ, ನಮ್ಮಕ್ಕ ಪರದೆಯ ಹಿಂದೆಯೇ ನಿಂತಿದ್ದಳು. ಅಲ್ಲಿಂದ ಕೇಳಿದಳು.

"ಕೈ ಅಲ್ಲ ಅಂದ್ರೆ ಮತ್ತೆ ಯಾವುದು ಅಯ್ಯೋರೇ?"

ಅವರು ಕೋಟಿಗೆ ಕೈ ಒರೆಸಿಕೊಂಡರು. ಆಮೇಲೆ, "ಬರೀತೀನಮ್ಮ" ಅಂದು ಎದ್ದು ಹೋದರು. ಬೆಳಗ್ಗೆ ಬೋರ್ಡಿನ ಮೂಲೆಯಲ್ಲಿ ಅದು ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಜಾಗ ಜಾಸ್ತಿ ಬೇಕು, ತಟ್ಟೆ ಜಾಸ್ತಿ ಬೇಕು. ನಮ್ಮಂಥವರ ಹತ್ತಿರ ಅಷ್ಟು ತಟ್ಟೆ ಎಲ್ಲಿಯದು? ಕೆಳಗಿನ ಬೀದಿಯ ಕೆಲವು ಮನೆ ಬಿಟ್ಟರೆ ಮಿಕ್ಕವರೆಲ್ಲ ಪಟೇಲರ ಮನೆಯಿಂದ ತರುತ್ತಿದ್ದೆವು. ಬದಲಿಗೆ ಅವರು ಕೂಗಿದಾಗ ಹೊಲಕ್ಕೆ ಹೋಗಬೇಕು. ತಂದ ತಟ್ಟೆಯನ್ನು ತೊಳೆಯುವ ಹಾಗಿರಲಿಲ್ಲ. ಪಟೇಲರ ಮನೆ ಬೆಳೆ ಯಾವತ್ತೂ ಕೆಡದ ಬೆಳೆ, ಆ ಲಕ್ಷ್ಮಿ ತಟ್ಟೆಯಲ್ಲಿ ಅಂಟಿಕೊಂಡಿರುತ್ತಾಳೆ, ತೊಳೆದರೆ ಹೋಗುತ್ತಾಳೆ ಅಂತ ಊರಿನ ನಂಬಿಕೆ. ಹುಳದ ಹಿಕ್ಕೆ ಕೊಡವಿ, ಕಣ್ಣಿಗೊತ್ತಿಕೊಂಡು ಹಾಗೇ ಬಳಸುತ್ತಿದ್ದೆವು.

ಮೇಷ್ಟ್ರು ಮತ್ತೆ ಹುಳ ತರಿಸಿದರು. ಹುಳಕ್ಕೆ ಏನೇನು ಸೋಕುತ್ತೋ ಒಬ್ಬೊಬ್ಬರು ಒಂದೊಂದು ತನ್ನಿ ಅಂದರು. ಒಬ್ಬ ಸೊಪ್ಪು ಕತ್ತರಿಸುವ ಕತ್ತಿ ತಂದ, ಒಬ್ಬಳು ಗೋಣಿತಾಟು ತಂದಳು. ಪಟೇಲರ ಮಗ, ನಮ್ಮನೇದು ತರ್ತೀನಿ ಸಾರ್, ಒಳ್ಳೇದು ಅಂತ ಎದೆ ಉಬ್ಬಿಸಿಕೊಂಡು ಹೋಗಿ ತಟ್ಟೆ ತಂದ. ಒಂದೊಂದು ಗುಂಪು ಹುಳಕ್ಕೆ ಒಂದೊಂದನ್ನು ಸೋಕಿಸಿ, ಬೇರೆ ಬೇರೆ ಇಟ್ಟೆವು.

ವಾರ ಕಳೆಯುವಷ್ಟರಲ್ಲಿ ಪಟೇಲರ ತಟ್ಟೆಯ ಹುಳ ಸೆಟೆದುಕೊಂಡು ಬಿದ್ದಿತ್ತು, ಒಂದೂ ಬಿಡದೆ. ಬೇರೆಯವು ಸೊಪ್ಪು ತಿನ್ನುತ್ತಿದ್ದವು. ನಾವೆಲ್ಲ ಸುತ್ತ ನಿಂತಿದ್ದೆವು. ಮಕ್ಕಳಾದರೂ ಯಾವ ಮನೆಯ ಮಾತು ಆಡಬಾರದು ಅಂತ ನಮಗೆ ಗೊತ್ತಿತ್ತು. ಕಡೆಗೆ ಮಾತಾಡಿದವನು ಪಟೇಲರ ಮಗನೇ.

"ಊರಲ್ಲಿ ರೋಗ ಬೀಳೋ ಮುಂಚಿನ ಬೆಳೆ ನಮ್ಮನೇಲೂ ಹಿಂಗೇ ಆಗಿತ್ತು ಸಾರ್. ಯಾರಿಗೂ ಹೇಳ್ಬೇಡ ಅಂತ ಅಪ್ಪ ಗುಂಡಿ ತೋಡ್ಸಿ ಹಾಕ್ಸಿದ್ರು."

ಕೆಡದ ಬೆಳೆ ಕೆಟ್ಟಿತ್ತು. ಹೇಳಿಕೊಂಡರೆ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಟ್ಟು, ಅದೇ ತಟ್ಟೆಗಳನ್ನು ಊರಿಗೆಲ್ಲ ಹಂಚಿದ್ದರು. ಮೇಷ್ಟ್ರು ಹುಡುಗನ ತಲೆ ಮೇಲೆ ಕೈ ಇಟ್ಟರು. ಅವನ ಕೂದಲಿನ ಮೇಲೆ ಬಿಳೀ ಪುಡಿ ಉದುರಿತು.

"ನೋಡಿದ್ದನ್ನ ನೋಡಿದ ಹಾಗೆ ಹೇಳ್ದೆ ಕಣಪ್ಪ. ಇವತ್ತು ಗಂಟೆ ನಿಂದು."

ಅವನು ಹೋಗಿ ಕಂಬಿಗೆ ಹೊಡೆದ. ಇಡೀ ಊರಿಗೆ ಕೇಳಿಸುವ ಹಾಗೆ ಹೊಡೆದ. ಆಮೇಲೆ ಮನೆಗೆ ಹೋಗಿ ಊಟಕ್ಕೆ ಕೂತಾಗ, ಅಪ್ಪನ ಮುಂದೆ, ಇವತ್ತು ಗಂಟೆ ಯಾಕೆ ಸಿಕ್ಕಿತು ಅಂತ ಸಂತೋಷದಲ್ಲಿ ಹೇಳಿದ.

ಮುಂದಿನದನ್ನು ಬರೆಯೋಕೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಮೇಷ್ಟ್ರ ಮೇಲೆ ಪಟೇಲರು ಬರೆಸಿದ ಅರ್ಜಿಯನ್ನು ಅದೇ ಕಟ್ಟೆಯ ಮೇಲೆ ಓದಿದರು. ಸರ್ಕಾರಿ ಕನ್ನಡ ಶಾಲೆಯಲ್ಲಿ ತೆಲುಗಿನಲ್ಲಿ ಪಾಠ ಮಾಡುತ್ತಾರೆ. ಶಾಲೆಯಲ್ಲಿ ಹುಳ ಸಾಕುತ್ತಾರೆ. ಹೊತ್ತು ಮುಳುಗಿದ ಮೇಲೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳ ಜಗಲಿಯಲ್ಲಿ ಕೂರುತ್ತಾರೆ. ತಟ್ಟೆಯ ಸುದ್ದಿ ಅರ್ಜಿಯಲ್ಲಿ ಇರಲಿಲ್ಲ. ಊರಿನಲ್ಲಿ ತಟ್ಟೆಯ ಸುದ್ದಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಗೊತ್ತಿದ್ದೇ ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿದರು.

ನಮ್ಮಪ್ಪ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಹಾಕಿದ. ಮೇಷ್ಟ್ರು ಇದ್ದಿಲಲ್ಲಿ ತಿದ್ದಿಸಿದ ಅದೇ ಸಹಿ.

ಮನೆಗೆ ಬಂದಾಗ ನಮ್ಮಕ್ಕ ಅವನ ಮುಂದೆ ನಿಂತು ನೋಡಿದಳು. ಅವನೇ ಸಿಟ್ಟಾದ. "ಮುಂದಿನ ಬೆಳೆಗೆ ತಟ್ಟೆ ಯಾರು ಕೊಡ್ತಾರೆ? ನಿಮ್ಮ ಅಯ್ಯೋರು ಕೊಡ್ತಾರಾ?" ಅಂದ. ಹೊಸ ತಟ್ಟೆ ಹೆಣೆಸೋಕೆ ಮೇದರವರು ಇದ್ದರು, ಹಳೇದನ್ನು ತೊಳೆದು ಬಿಸಿಲಿಗೆ ಹಾಕೋಕೆ ಬಾವಿ ಇತ್ತು, ಬಿಸಿಲೂ ಇತ್ತು. ಅದನ್ನೆಲ್ಲ ಮಾಡುವುದಕ್ಕಿಂತ ಒಬ್ಬ ಮೇಷ್ಟ್ರನ್ನು ಓಡಿಸುವುದು ಊರಿಗೆ ಸುಲಭವಾಗಿ ಕಂಡಿತು.

ವರ್ಗದ ಆರ್ಡರು ಬೇಗ ಬಂತು. ಹಳೇ ಮೇಷ್ಟ್ರು ಬಸ್ಸು ಬಂದ ದಿನ ಮಾತ್ರ ಬರುತ್ತಿದ್ದುದು ಮೇಲಿನವರ ಕಣ್ಣಿಗೆ ವರ್ಷಗಟ್ಟಲೆ ಬಿದ್ದಿರಲಿಲ್ಲ. ಇದು ತಕ್ಷಣ ಬಿತ್ತು. ಹೊರಡುವ ದಿನ ಮೇಷ್ಟ್ರು ತಾವು ಕೂತ ಜಗಲಿಗಳಿಗೆಲ್ಲ ಹೋಗಿ ಬಂದರು. ಹೊಸ ಬೆಳೆ ಇಟ್ಟಿದ್ದರು, ಬಾಗಿಲುಗಳಿಗೆ ಮತ್ತೆ ಗೋಣಿತಾಟು ಬಿದ್ದಿತ್ತು. ಯಾರೂ ಹೊರಗೆ ಬರಲಿಲ್ಲ. ನಮ್ಮ ಮನೆಯಲ್ಲೂ ನಮ್ಮಪ್ಪ ಒಳಗಿದ್ದುಕೊಂಡೇ ಇಲ್ಲ ಅನ್ನಿಸಿದ. ನಾನು ಜಗಲಿ ಕೆಳಗೆ ನಿಂತಿದ್ದೆ. ಪರೀಕ್ಷೆ, ಅಯ್ಯೋರೇ, ಅಂತ ಪರದೆಯ ಹಿಂದಿನಿಂದ ನಮ್ಮಕ್ಕನ ದನಿ ಬಂತು. ಅಷ್ಟೇ ಬಂತು.

"ತಪ್ಪು ನಂದೇ ಕಣಮ್ಮ. ಪ್ರಶ್ನೆ ಎಲ್ಲಿಂದ ತರಬೇಕು ಅಂತ ನಿಮಗೆ ಕಲಿಸಿದೆ. ಉತ್ತರ ಸಿಕ್ಕಿದ ಮೇಲೆ ಅದನ್ನ ಎಲ್ಲಿಗೆ ತಗೊಂಡು ಹೋಗಬಾರದು ಅಂತ ಕಲಿಸಲಿಲ್ಲ."

ಪರದೆಗೆ ಕೈ ಮುಗಿದರು. ಸೈಕಲ್ಲು ತಳ್ಳಿಕೊಂಡು ಹೋದರು. ಶಾಲು ಇರಲಿಲ್ಲ.

ಆಮೇಲೆ ಬಂದ ಮೇಷ್ಟ್ರು ಮೊದಲನೇ ದಿನವೇ ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡನ್ನು ಮೂಲೆಯಿಂದ ಮೂಲೆಗೆ ಒರೆಸಿದರು. ನನ್ನ ನಾಯಿಯೂ ಹೋಯಿತು, ಅಕ್ಕನ ಪ್ರಶ್ನೆಯೂ ಹೋಯಿತು. ಹಿಂದಿನ ಸಾಲು ಒಂದು ತಿಂಗಳಲ್ಲಿ ಖಾಲಿ. ಕಂಬಿ ತುಂಡನ್ನು ಯಾರೋ ಬಿಚ್ಚಿಕೊಂಡು ಹೋದರು. ಪರೀಕ್ಷೆಗೆ ನಮ್ಮಿಬ್ಬರನ್ನೂ ಯಾರೂ ಕಟ್ಟಿಸಲಿಲ್ಲ. ನಮ್ಮಪ್ಪ ನನ್ನನ್ನು ಶಿಡ್ಲಘಟ್ಟದ ಒಬ್ಬರ ಹತ್ತಿರ ನೂಲು ತೆಗೆಯುವ ಚರಕ ತಿರುಗಿಸೋಕೆ ಬಿಟ್ಟ. ಅಕ್ಕನನ್ನು ಚಿಂತಾಮಣಿ ಕಡೆಯ ಒಂದು ಊರಿಗೆ ಮದುವೆ ಮಾಡಿ ಕಳಿಸಿದ. ನಾನು ಬೇರೆಯವರ ಚರಕ ತಿರುಗಿಸಿ, ಬೆರಳು ಬೇಯಿಸಿಕೊಂಡು, ಕಡೆಗೆ ನನ್ನದೇ ಚರಕ ಇಟ್ಟೆ. ಯಾರ ಮನೆಯ ತಟ್ಟೆಯನ್ನೂ ಆಮೇಲೆ ನಾನು ಕೇಳಿ ತಂದಿಲ್ಲ.

ವರ್ಷಗಳಾದ ಮೇಲೆ, ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು, ಗೂಡು ಕೊಳ್ಳೋಕೆ ಚಿಂತಾಮಣಿಗೆ ಹೋದವನು ಅಕ್ಕನ ಮನೆಗೂ ಹೋದೆ. ಊಟಕ್ಕೆ ಬಡಿಸುತ್ತಾ, "ನಮ್ಮ ಅಯ್ಯೋರು ಈ ಊರಿಗೇ ಬಂದಿದಾರೆ ಕಣೋ, ನನ್ನ ಮಗಳು ಅವರ ಹತ್ರಾನೇ ಓದ್ತಾಳೆ" ಅಂದಳು. ನೀನು ಹೋಗಿ ನೋಡಿದ್ಯಾ ಅಂದೆ. ಯಾವ ಮುಖ ಇಟ್ಕೊಂಡು ಹೋಗ್ಲಿ ಅಂದಳು.

ನಾನು ಹೋದೆ. ಬೆಳಗಿನ ಹೊತ್ತು. ಮಕ್ಕಳು ಸಾಲಾಗಿ ಬಾಗಿಲು ದಾಟಿ ಒಳಗೆ ಹೋಗುತ್ತಿದ್ದವು. ಬಾಗಿಲಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತಿದ್ದರು, ತಲೆ ಪೂರ್ತಿ ನರೆತಿತ್ತು. ಕೋಟು ಅದೇ ಇರಬೇಕು, ಆದರೆ ಜೇಬಿನ ಮೇಲಿನ ಗುರುತು ಇರಲಿಲ್ಲ. ಎದ್ದು ಬೋರ್ಡಿನ ಮೇಲೆ ಲೆಕ್ಕ ಬರೆದರು. ಆಗ ಕೈ ನೋಡಿದೆ. ಸೀಮೆಸುಣ್ಣಕ್ಕೆ ಪೇಪರು ಸುತ್ತಿಕೊಂಡಿದ್ದರು. ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಬಲಗೈ ಎಡಗೈ ಒಂದೇ ಬಣ್ಣ. ಬೋರ್ಡಿನ ಮೂಲೆ ಕಪ್ಪಗೆ ಖಾಲಿ ಇತ್ತು.

ಗುರುತು ಹಿಡಿದು ಹೊರಗೆ ಬಂದರು. ಚರಕದ ವಿಚಾರ ಕೇಳಿದರು, ನನ್ನ ಬೆರಳುಗಳನ್ನು ತಿರುಗಿಸಿ ನೋಡಿದರು. ಈ ಊರಿನವರು ನನ್ನನ್ನ ಚೆನ್ನಾಗಿ ನೋಡ್ಕೋತಾರೆ ಅಂದರು. ಒಳ್ಳೇ ಮನುಷ್ಯ, ಯಾರ ತಂಟೆಗೂ ಬರಲ್ಲ ಅಂತಾರಂತೆ. ಹೇಳುವಾಗ ಅವರು ನಗಲಿಲ್ಲ. ನಿಮ್ಮಕ್ಕನ ಮಗಳದು ಅದೇ ಗಂಟಲು ಅಂದರು.

ನಾನು ಹೊರಡುವಾಗ ಅವರು ಒಮ್ಮೆ ಹಿಂದೆ ತಿರುಗಿ ನೋಡಿ, ಮಕ್ಕಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು. "ಪ್ರಶ್ನೆ ತಂದ್ಯೇನಪ್ಪ?"

ನನ್ನ ಹತ್ತಿರ ಒಂದು ಇತ್ತು. ಅಷ್ಟು ವರ್ಷದಿಂದಲೂ ಇತ್ತು. ಪಟೇಲರ ತಟ್ಟೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಸಾರ್ ಅಂತ ಕೇಳಿದೆ.

"ಅನುಮಾನ ಇತ್ತು."

ಮತ್ತೆ ಯಾಕೆ ಸಾರ್ ಅಂದೆ.

"ಕೇಳಿದವಳು ನಿಮ್ಮಕ್ಕ. ನಂಗೆ ಗೊತ್ತಿಲ್ಲ ಅಂತ ಅವಳಿಗೆ ಸುಳ್ಳು ಹೇಳೋಕಾಗಲಿಲ್ಲ."

ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು.

ಮುಂದಿನ ವರ್ಷ ಅವರು ರಿಟೈರಾಗಿ ಊರಿಗೆ ಹೋದರು, ಅಲ್ಲೇ ತೀರಿಕೊಂಡ ಸುದ್ದಿ ನನಗೆ ತಡವಾಗಿ ಬಂತು. ರೈಲಿನಲ್ಲಿ ತೊಂಡೇಬಾವಿಗೆ ಹೋದೆ. ಎಲ್ಲ ಮುಗಿದುಹೋಗಿತ್ತು. ಅವರ ಹೆಂಡತಿ ಯಾವ ಊರು ಅಂತ ಕೇಳಿದರು. ಹೇಳಿದೆ. ಆ ತಾಯಿ ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟು, ಮತ್ತೆ ಒಳಕ್ಕೆ ಹೋದರು.

ಈಗ ನಮ್ಮೂರಲ್ಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕುತ್ತಾರೆ. ಇಲಾಖೆಯವರು ಬಂದು ಕಲಿಸಿದರು ಅನ್ನುತ್ತಾರೆ. ಶಾಲೆ ಸುಧಾರಿಸುವುದು ಹೇಗೆ ಅಂತ ಆಗಾಗ ಕಟ್ಟೆಯ ಮೇಲೆ ಸಭೆಯೂ ಆಗುತ್ತೆ. ನನ್ನನ್ನು ಕರೆಯುತ್ತಾರೆ, ನಾನು ಹೋಗುವುದಿಲ್ಲ.

ತೊಂಡೇಬಾವಿಯಿಂದ ನಾನು ನೇರ ಅಕ್ಕನ ಮನೆಗೆ ಹೋಗಿದ್ದೆ. ವಿಷಯ ಹೇಳಿದಾಗ ಅವಳು ಅಳಲಿಲ್ಲ. ಹೊಸಿಲ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಮಗಳು ಶಾಲೆಯಿಂದ ಬಂದಳು, ಸ್ಲೇಟು ಎದೆಗೆ ಅವಚಿಕೊಂಡು. ಅಕ್ಕ ಅವಳನ್ನು ತಡೆದು ನಿಲ್ಲಿಸಿ, ನಿಮ್ಮ ಅಯ್ಯೋರು ಇದ್ದಾಗ ಅವರನ್ನ ನೀನು ಏನೇನು ಪ್ರಶ್ನೆ ಕೇಳ್ತಿದ್ದೆ, ಒಂದಾದ್ರೂ ಹೇಳು ಅಂದಳು.

ಮಗು ಅವಳನ್ನು ವಿಚಿತ್ರವಾಗಿ ನೋಡಿತು.

"ಪ್ರಶ್ನೆ ಕೇಳೋದು ಮೇಷ್ಟ್ರು ಕಣಮ್ಮ. ನಾವಲ್ಲ."